ದಕ್ಷಿಣ ಏಷ್ಯಾ ಕ್ರೀಡಾಕೂಟ: ಬೇಕಾ, ಬೇಡ್ವಾ?

ಪರ

2016, ಗುವಾಹಟಿ. ಜಾವೆಲಿನ್‌ನಲ್ಲಿ ನೀರಜ್ ಚೋಪ್ರಾ 82.23 ಮೀಟರ್ ಎಸೆದು ಚಿನ್ನ ಗೆದ್ದರು. 78.33 ಮೀಟರ್ ಎಸೆದ ಪಾಕಿಸ್ತಾನದ ಅರ್ಷದ್ ನದೀಮ್‌ಗೆ ಕಂಚು. ಆಗ ಇವರಿಬ್ಬರ ಹೆಸರು ಎಷ್ಟು ಜನಕ್ಕೆ ಗೊತ್ತಿತ್ತು ಹೇಳಿ? 2019ರಲ್ಲಿ ನೇಪಾಳದ ಕೂಟದಲ್ಲಿ ಅರ್ಷದ್ 86.29 ಮೀಟರ್ ಎಸೆದರು. ಟೋಕಿಯೋ ಒಲಿಂಪಿಕ್ಸ್‌ಗೆ ಅರ್ಹತೆ ಅಲ್ಲೇ ಸಿಕ್ಕಿತು. 2024ರ ಪ್ಯಾರಿಸ್‌ನಲ್ಲಿ ಮತ್ತೆ ಇವರೇ: ಅರ್ಷದ್‌ಗೆ ಚಿನ್ನ, ನೀರಜ್‌ಗೆ ಬೆಳ್ಳಿ. ಚಿಕ್ಕ ಕೂಟ ಅಂತ ಮೂಗು ಮುರಿಯುವವರು ಈ ಲೆಕ್ಕವನ್ನು ಮರೆಯುತ್ತಾರೆ.

ಅದೇ ಗುವಾಹಟಿಯಲ್ಲಿ ಬಾಂಗ್ಲಾದೇಶದ ವೇಟ್‌ಲಿಫ್ಟರ್ ಮಾಬಿಯಾ ಅಖ್ತರ್ ಚಿನ್ನ ಗೆದ್ದರು. ಪೋಡಿಯಂ ಮೇಲೆ ಸೆಲ್ಯೂಟ್ ಹೊಡೆದು ನಿಂತಿದ್ದಾರೆ, ರಾಷ್ಟ್ರಗೀತೆ ಬರುತ್ತಿದೆ, ಕಣ್ಣಲ್ಲಿ ನೀರು ಸುರಿಯುತ್ತಲೇ ಇದೆ. ಆ ವಿಡಿಯೋ ನೋಡಿದವರಿಗೆ ವಾದ ಬೇಕಾಗಿಲ್ಲ. ಏಷ್ಯನ್ ಗೇಮ್ಸ್‌ನಲ್ಲಿ ಚೀನಾ, ಜಪಾನ್, ಕೊರಿಯಾದವರನ್ನು ದಾಟಿ ಆ ಜಾಗಕ್ಕೆ ಹತ್ತುವುದು ಸುಮ್ನೆ ಮಾತಲ್ಲ.

ವಿರೋಧ

ಮಾಬಿಯಾ ಅಳುವುದನ್ನು ನೋಡಿ ನನಗೂ ಗಂಟಲು ಕಟ್ಟಿತ್ತು, ಸುಳ್ಳು ಹೇಳಲ್ಲ. ಆದರೆ ಪದಕ ಪಟ್ಟಿ ನೋಡಿ. 2016ರಲ್ಲಿ ಭಾರತಕ್ಕೆ 188 ಚಿನ್ನ. 2019ರಲ್ಲಿ 174 ಚಿನ್ನ, ಒಟ್ಟು 312 ಪದಕ. ಭೂತಾನ್‌ಗೆ ಆ ಸಲ ಒಂದೂ ಚಿನ್ನ ಇಲ್ಲ. ಇನ್ನು ಆರ್ಚರಿ ಕಥೆ ಕೇಳಿ. 2019ರಲ್ಲಿ ಭಾರತದ ಆರ್ಚರಿ ಸಂಸ್ಥೆ ಅಮಾನತಾಗಿತ್ತು, ನಮ್ಮವರು ಬಿಲ್ಲು ಹಿಡಿಯಲಿಲ್ಲ. 10ಕ್ಕೆ 10 ಚಿನ್ನವೂ ಬಾಂಗ್ಲಾದೇಶಕ್ಕೆ! ನಾವಿದ್ದರೆ ನಮ್ಮ ಮನೆ ಹಬ್ಬ, ನಾವಿಲ್ಲದಿದ್ದರೆ ಪಕ್ಕದ ಮನೆ ಹಬ್ಬ. ಪೈಪೋಟಿ ಎಲ್ಲಿ?

ಅದನ್ನಾದರೂ ಸಹಿಸಬಹುದು. ಕೂಟವೇ ನಡೆಯದಿದ್ದರೆ ಏನು ಮಾಡೋದು? 1984ರಲ್ಲಿ ಕಾಠ್ಮಂಡುವಿನಲ್ಲಿ ಶುರುವಾದಾಗ ಮರುವರ್ಷವೇ ಢಾಕಾದಲ್ಲಿ ಮತ್ತೆ ಸೇರಿದ್ದರು. ಈಗ? 2010, 2016, 2019. ಆಮೇಲೆ ಪಾಕಿಸ್ತಾನದಲ್ಲಿ ನಡೆಯಬೇಕಿದ್ದ ಕೂಟ ಮುಂದಕ್ಕೆ ಹೋಗುತ್ತಲೇ ಬಂತು. ಅಫ್ಘಾನಿಸ್ತಾನ ಅಂತೂ 2016ರ ನಂತರ ಈ ಗುಂಪನ್ನೇ ಬಿಟ್ಟಿತು.

ಓಟಗಾರರ ಕಾಲಿಗೆ ಒಳ್ಳೆಯ ವರ್ಷಗಳು ಸಿಗುವುದೇ ಕಡಿಮೆ, ಅಲ್ವಾ? 2019ರಲ್ಲಿ ಅರ್ಷದ್‌ಗೆ ಸಿಕ್ಕ ಅವಕಾಶ ಅವರ ಬೆನ್ನಿಗೇ ಬಂದ ಹುಡುಗರಿಗೆ ಸಿಗಲಿಲ್ಲ. ಭಾರತ-ಪಾಕಿಸ್ತಾನದ ಜಗಳ ಮುಗಿಯಲಿ ಅಂತ ಅವರ ವಯಸ್ಸು ಕಾಯುತ್ತದೆಯೇ? ಹಾಂಗ್‌ಝೌ ಏಷ್ಯನ್ ಗೇಮ್ಸ್ ಕೋವಿಡ್‌ನಿಂದಾಗಿ 2022ರಿಂದ 2023ಕ್ಕೆ ಹೋಯಿತು. ತಡವಾದರೂ ನಡೆಯಿತು. ನನ್ನ ಮಗಳು ಓಟಗಾರ್ತಿಯಾಗಿದ್ದರೆ ಅದಕ್ಕೇ ತಯಾರಾಗು ಅನ್ನುತ್ತಿದ್ದೆ.