ಪರ-ವಿರೋಧ: ಕಂಪನಿ ದುಡ್ಡಿನ ಸಂಶೋಧನೆ ನಂಬಿ ಸಾರಿಗೆ ನಿಯಮ ಮಾಡಬಹುದಾ?

ಪರ: ದುಡ್ಡು ಯಾರದ್ದಾದರೇನು?

ನನಗೆ ಈ ಕಡೆ ಬರೆಯಲು ಹೇಳಿದ್ದಾರೆ. ಪೂರ್ತಿ ಒಪ್ಪಿ ಬರೆಯುತ್ತಿಲ್ಲ, ಆದರೂ ಒಂದು ಗಟ್ಟಿ ಉದಾಹರಣೆ ಇದೆ.

ಅಮೆರಿಕದಲ್ಲಿ ಕಾರುಗಳ ಸುರಕ್ಷತೆ ಪರೀಕ್ಷಿಸುವ ಐಐಎಚ್‌ಎಸ್ ಸಂಸ್ಥೆ ನಡೆಯುವುದು ವಿಮೆ ಕಂಪನಿಗಳ ದುಡ್ಡಿನಲ್ಲಿ. 2012ರಲ್ಲಿ ಅದು ಹೊಸದೊಂದು ಡಿಕ್ಕಿ ಪರೀಕ್ಷೆ ತಂದಿತು. ಕಾರಿನ ಮುಂಭಾಗದ ಕಾಲು ಪಾಲು ಮಾತ್ರ, ಅದೂ ಚಾಲಕನ ಕಡೆಯ ಮೂಲೆ, 64 ಕಿ.ಮೀ. ವೇಗದಲ್ಲಿ ತಡೆಗೋಡೆಗೆ ಬಡಿಯಬೇಕು. ಮೊದಲ ಸುತ್ತಿನ 11 ದುಬಾರಿ ಕಾರುಗಳಲ್ಲಿ 'ಉತ್ತಮ' ಅನ್ನಿಸಿಕೊಂಡಿದ್ದು ಎರಡೇ. ಸರ್ಕಾರದ ಪರೀಕ್ಷೆಯಲ್ಲಿ ಈ ಮೂಲೆ ಪೆಟ್ಟು ಇರಲೇ ಇಲ್ಲ. ಆಮೇಲೆ ಕೆಲವು ಕಂಪನಿಗಳು ಚಾಲಕನ ಬದಿಯನ್ನು ಮಾತ್ರ ಗಟ್ಟಿ ಮಾಡಿ ಸುಮ್ಮನಾಗಿದ್ದು ಗೊತ್ತಾಯಿತು. 2017ರಲ್ಲಿ ಪಕ್ಕದ ಸೀಟಿನ ಬದಿಗೂ ಪರೀಕ್ಷೆ ಬಂತು. ಅಪಘಾತ ಕಡಿಮೆಯಾದರೆ ವಿಮೆಯವರಿಗೆ ಲಾಭ, ನಿಜ. ಜೀವ ಉಳಿಯುವುದು ನಮ್ಮದೇ ಅಲ್ವಾ?

ಇನ್ನು ಲಾಬಿ, ಅಂದರೆ ನಿಯಮ ಮಾಡುವವರ ಮೇಲೆ ಕಂಪನಿಗಳು ಪ್ರಭಾವ ಬೀರುವುದು. ಎಂಜಿನ್ ಒಳಗಿನ ವಿಷಯ ಕಂಪನಿಯವರಿಗೇ ಜಾಸ್ತಿ ಗೊತ್ತು. ಅವರನ್ನು ಕೇಳಲೇಬೇಕು. ಯಾರ ದುಡ್ಡು ಅಂತ ಮುಖಪುಟದಲ್ಲಿ ಹಾಕಿಬಿಡಲಿ, ಸಾಕು.

ವಿರೋಧ: ಉಪ್ಪು ತಿಂದ ಮೇಲೆ

ಕಂಪನಿಗಳು ದೊಡ್ಡ ಮನಸ್ಸು ಮಾಡಿ ನಮ್ಮನ್ನು ಕಾಪಾಡುತ್ತಿವೆಯಂತೆ! ಹಾಗಾದರೆ ಮಂಗಗಳ ಕತೆ ಕೇಳಿ.

2014ರಲ್ಲಿ ಅಮೆರಿಕದ ಒಂದು ಲ್ಯಾಬಿನಲ್ಲಿ ಹತ್ತು ಮಂಗಗಳನ್ನು ಗಾಳಿಯಾಡದ ಪೆಟ್ಟಿಗೆಯಲ್ಲಿ ಕೂರಿಸಿ ಡೀಸೆಲ್ ಹೊಗೆ ಕುಡಿಸಿದರು. ಗಲಾಟೆ ಮಾಡದಿರಲಿ ಅಂತ ಎದುರಿಗೆ ಕಾರ್ಟೂನ್ ಹಾಕಿದ್ದರು. ಹೊಸ ಡೀಸೆಲ್ ಕಾರಿನ ಹೊಗೆ ಅಷ್ಟೇನೂ ಕೆಟ್ಟದ್ದಲ್ಲ ಅಂತ ತೋರಿಸಬೇಕಿತ್ತು. ಮಾಡಿಸಿದ್ದು ಇಯುಜಿಟಿ ಅನ್ನುವ 'ಸಂಶೋಧನಾ' ಸಂಘ. ದುಡ್ಡು ಫೋಕ್ಸ್‌ವ್ಯಾಗನ್, ಬಿಎಂಡಬ್ಲ್ಯು, ಡೈಮ್ಲರ್ ಕಂಪನಿಗಳದ್ದು. ಹೊಗೆ ಬಿಟ್ಟ ಫೋಕ್ಸ್‌ವ್ಯಾಗನ್ ಬೀಟಲ್ ಕಾರಿನಲ್ಲಿ, ಪರೀಕ್ಷೆ ನಡೆಯುತ್ತಿದೆ ಅಂತ ತಿಳಿದು ಹೊಗೆ ತಗ್ಗಿಸುವ ಮೋಸದ ಸಾಫ್ಟ್‌ವೇರೇ ಇತ್ತು!

ಮೋಸದ ಸುಳಿವು ಸಿಕ್ಕಿದ್ದು ವೆಸ್ಟ್ ವರ್ಜೀನಿಯಾ ವಿಶ್ವವಿದ್ಯಾಲಯದವರಿಗೆ. ಅಳತೆ ಯಂತ್ರವನ್ನು ಕಾರಿನಲ್ಲೇ ಹೇರಿಕೊಂಡು ರಸ್ತೆಯಲ್ಲಿ ಓಡಿಸಿ ನೋಡಿದರು. ಆ ಕೆಲಸ ಮಾಡಿಸಿದ್ದು ಐಸಿಸಿಟಿ ಎಂಬ ಲಾಭರಹಿತ ಸಂಸ್ಥೆ, ಕಾರು ಕಂಪನಿಯಲ್ಲ.

ಮುಖಪುಟದಲ್ಲಿ ಹೆಸರು ಹಾಕಿದರೆ ಸಾಕಂತೆ. ನಾನು ಹಿಂದೆ ಸಾರಿಗೆ ಸಮೀಕ್ಷೆ ಮಾಡುವ ಒಂದು ಕನ್ಸಲ್ಟೆನ್ಸಿಯಲ್ಲಿದ್ದೆ. ಟ್ಯಾಕ್ಸಿ ಚಾಲಕರ ಗಳಿಕೆ ಲೆಕ್ಕ ಹಾಕಬೇಕಿತ್ತು. ಇಂಧನ, ಸಾಲದ ಕಂತು, ರಿಪೇರಿ ಕಳೆದು ಕೈಗೆ ಉಳಿಯುವುದೆಷ್ಟು ಅಂತ ಕರಡಿನಲ್ಲಿ ಒಂದು ಕೋಷ್ಟಕ ಹಾಕಿದ್ದೆ. ಸಮೀಕ್ಷೆಗೆ ದುಡ್ಡು ಕೊಟ್ಟ ಕಂಪನಿಯವರು ತಪ್ಪು ಅನ್ನಲಿಲ್ಲ. 'ಓದುವವರಿಗೆ ಗೊಂದಲ ಆಗುತ್ತೆ, ಅನುಬಂಧಕ್ಕೆ ಹಾಕಿ' ಅಂದರು, ಬಹಳ ವಿನಯದಿಂದ. ಸಾರಾಂಶದಲ್ಲಿ ಒಟ್ಟು ಗಳಿಕೆಯಷ್ಟೇ ಉಳಿಯಿತು. ಅಧಿಕಾರಿಗಳು ಸಭೆಯಲ್ಲಿ ಅದನ್ನೇ ಓದಿದರು. ಅನುಬಂಧ ತೆರೆದವರೇ ಇಲ್ಲ. ಮುಂದಿನ ಕೆಲಸವೂ ನಮಗೇ ಸಿಗುತ್ತೆ ಅಂತ ನಮ್ಮ ಮ್ಯಾನೇಜರ್‌ಗೆ ಖುಷಿಯೋ ಖುಷಿ. ಕಂಪನಿ ಹೆಸರು ಮುಖಪುಟದಲ್ಲಿ ದಪ್ಪಕ್ಷರದಲ್ಲೇ ಇತ್ತು, ಏನಾಯ್ತು?

ಕಂಪನಿಗಳಿಂದ ಶುಲ್ಕ ವಸೂಲಿ ಮಾಡಿ ಸಂಶೋಧನೆಗೆ ಹಾಕಿ, ಬೇಡ ಅನ್ನುವುದಿಲ್ಲ. ಸಂಶೋಧಕರನ್ನು ಆರಿಸುವುದು, ಕರಡು ತಿದ್ದುವುದು ಮಾತ್ರ ಅವರ ಕೈಗೆ ಕೊಡಬೇಡಿ.