ಕಳ್ಳನ ಆತ್ಮಕಥೆಯನ್ನು ರಸೀದಿ ಕೇಳುತ್ತ ಓದಬೇಕು

ಅಮೆರಿಕದ ಚೆಕ್ ವಂಚಕ ಫ್ರಾಂಕ್ ಅಬಗ್ನೇಲ್‌ನ ಆತ್ಮಕಥೆ ‘ಕ್ಯಾಚ್ ಮಿ ಇಫ್ ಯು ಕ್ಯಾನ್’ ಓದಿದ ನಮ್ಮ ಹುಬ್ಬಳ್ಳಿ-ಧಾರವಾಡದ ಮಂದಿಯ ಮಾತು ಸಾಮಾನ್ಯವಾಗಿ ಎರಡು ದಾರಿ ಹಿಡಿಯುತ್ತದೆ. ಸಪ್ತಾಪುರದ ಕೋಚಿಂಗ್ ಹುಡುಗರು ‘ಏನ್ ತಲಿ ಐತ್ರಿ ಆತಂದು, ಇಪ್ಪತ್ತೊಂದು ತುಂಬೂದ್ರಾಗ ಪೈಲಟ್, ಡಾಕ್ಟರ್, ವಕೀಲ ಎಲ್ಲಾ ಆಗಿಬಿಟ್ಟಾನ’ ಅನ್ನುತ್ತಾರೆ. ನಿವೃತ್ತ ಮಾಸ್ತರರು ‘ಕಳ್ಳನ ಕಥಿ ಓದಿ ಏನ್ ಮಾಡೂದೈತಿ’ ಎಂದು ಬದಿಗಿಡುತ್ತಾರೆ. ಎರಡನ್ನೂ ನಾನು ಒಪ್ಪುವುದಿಲ್ಲ. ಮೆಚ್ಚಿದವರು ಆತ ಹೇಳಿದ್ದನ್ನೆಲ್ಲ ನಂಬಿಬಿಟ್ಟಿದ್ದಾರೆ. ಬದಿಗಿಟ್ಟವರಿಗೆ ಆ ಪುಸ್ತಕದ ನಿಜವಾದ ಪ್ರಯೋಜನವೇ ದಕ್ಕಿಲ್ಲ. ಯಾವ ಕೌಂಟರಿನಲ್ಲಿ ಯಾರು ಏನನ್ನು ನೋಡದೆ ಬಿಟ್ಟರು ಎಂಬ ವಿವರ ಅದರಲ್ಲಿದೆ.

ಮೊದಲು ನಂಬಿಕೆಯ ವಿಷಯ. ಪುಸ್ತಕ ಬಂದದ್ದು 1980ರಲ್ಲಿ, ಸ್ಟ್ಯಾನ್ ರೆಡಿಂಗ್ ಜೊತೆ ಸೇರಿ ಬರೆದದ್ದು. 2002ರಲ್ಲಿ ಸ್ಪೀಲ್‌ಬರ್ಗ್ ಸಿನಿಮಾ ಮಾಡಿದ ಮೇಲಂತೂ ಅದು ಇತಿಹಾಸವೇ ಆಗಿಹೋಯಿತು. 26 ದೇಶಗಳಲ್ಲಿ 25 ಲಕ್ಷ ಡಾಲರಿನ ಸುಳ್ಳು ಚೆಕ್ ನಗದು ಮಾಡಿದೆ ಎಂಬುದು ಆತನ ಹೇಳಿಕೆ. ಅಲನ್ ಲೋಗನ್ ಎಂಬ ಲೇಖಕ ಜೈಲು ಮತ್ತು ಕೋರ್ಟಿನ ದಾಖಲೆ ತೆಗೆಸಿ 2020ರಲ್ಲಿ ಪ್ರಕಟಿಸಿದ ಪುಸ್ತಕದ ಪ್ರಕಾರ, 1965ರ ಜುಲೈಯಿಂದ 1968ರ ಡಿಸೆಂಬರ್‌ವರೆಗೆ ಆತ ನ್ಯೂಯಾರ್ಕ್ ರಾಜ್ಯದ ಗ್ರೇಟ್ ಮೆಡೋ ಜೈಲಿನಲ್ಲಿದ್ದ. ಆತ್ಮಕಥೆಯಲ್ಲಿ ವಿಮಾನ ಹತ್ತಿ ಇಳಿಯುತ್ತಿದ್ದ ವರ್ಷಗಳು ಬಹುಪಾಲು ಇವೇ. ಪ್ಯಾನ್ ಆ್ಯಮ್ ವಿಮಾನ ಕಂಪನಿಯ ನಕಲಿ ಚೆಕ್ಕುಗಳಿಗಾಗಿ ಫೆಡರಲ್ ಕೋರ್ಟ್ ಆತನಿಗೆ ಶಿಕ್ಷೆ ಕೊಟ್ಟ ಪ್ರಕರಣದಲ್ಲಿದ್ದದ್ದು 10 ಚೆಕ್, ಒಟ್ಟು ಮೊತ್ತ 1,448.60 ಡಾಲರ್. ಸಹಲೇಖಕ ತನ್ನನ್ನು ಸುಮಾರು ನಾಲ್ಕು ಸಲ ಮಾತ್ರ ಮಾತಾಡಿಸಿದ, ಕೆಲವನ್ನು ಉತ್ಪ್ರೇಕ್ಷೆ ಮಾಡಿದ ಎಂದು ಅಬಗ್ನೇಲ್ ತಾನೇ ಆಮೇಲೆ ಹೇಳಿಕೊಂಡದ್ದೂ ಇದೆ.

ನನಗೆ ಸಿಟ್ಟು ಬರುವುದು ಈ ಅಂಕಿಗಳಿಗಲ್ಲ. ‘ಸಾಮಾನ್ಯ ಮನುಷ್ಯನ ದುಡ್ಡು ಮುಟ್ಟಲಿಲ್ಲ, ದೊಡ್ಡ ಸಂಸ್ಥೆಗಳಿಗೆ ಮಾತ್ರ ಕೈ ಹಾಕಿದೆ’ ಎಂಬ ಆತನ ಮಾತು ಓದುಗರ ಬಾಯಲ್ಲೂ ಓಡಾಡುತ್ತಿರುವುದಕ್ಕೆ. 1969ರಲ್ಲಿ ಲೂಸಿಯಾನಾದ ಬೇಟನ್ ರೂಜ್‌ನಲ್ಲಿ ಆತನಿಗೆ ಕಳವು ಮತ್ತು ಫೋರ್ಜರಿ ಆರೋಪದಲ್ಲಿ ಶಿಕ್ಷೆಯಾಯಿತು. ಅಲ್ಲಿ ಕದ್ದದ್ದು ಆತನನ್ನು ಮನೆಗೆ ಕರೆದು ಉಣ್ಣಲಿಕ್ಕೆ ಹಾಕಿದ್ದ ಒಂದು ಕುಟುಂಬದ ಚೆಕ್ಕುಗಳನ್ನು.

ಇಷ್ಟು ಗೊತ್ತಿಟ್ಟುಕೊಂಡು ಚೆಕ್ಕಿನ ಅಧ್ಯಾಯಗಳನ್ನು ಓದಿರಿ, ಅವು ನಿಜಕ್ಕೂ ಕಲಿಸುತ್ತವೆ. ಅಮೆರಿಕದ ಚೆಕ್ಕಿನ ತಳದ ಅಂಕಿಗಳಲ್ಲಿ ಮೊದಲ ಎರಡು, ಅದು ಅಲ್ಲಿನ ಕೇಂದ್ರ ಬ್ಯಾಂಕಾದ ಫೆಡರಲ್ ರಿಸರ್ವ್‌ನ 12 ವಲಯಗಳಲ್ಲಿ ಯಾವುದಕ್ಕೆ ಹೋಗಬೇಕೆಂದು ತಿಳಿಸುತ್ತವೆ. ನ್ಯೂಯಾರ್ಕ್ 02, ಸ್ಯಾನ್ ಫ್ರಾನ್ಸಿಸ್ಕೊ 12. 02 ಇರಬೇಕಾದಲ್ಲಿ 12 ಅಚ್ಚಾದರೆ ಯಂತ್ರ ಆ ಕಾಗದವನ್ನು ದೇಶದ ಇನ್ನೊಂದು ತುದಿಗೆ ಕಳಿಸುತ್ತದೆ. ತಪ್ಪು ಗೊತ್ತಾಗಿ ವಾಪಸ್ ಬರುವಷ್ಟರಲ್ಲಿ ಚೆಕ್ ಕೊಟ್ಟವನು ಊರು ಬಿಟ್ಟಿರುತ್ತಾನೆ. ಕ್ಯಾಶಿಯರ್ ಓದುತ್ತಿದ್ದದ್ದು ಬ್ಯಾಂಕಿನ ಹೆಸರನ್ನು, ಯಂತ್ರ ಓದುತ್ತಿದ್ದದ್ದು ಅಂಕಿಯನ್ನು. ಎರಡನ್ನೂ ಹೊಂದಿಸಿ ನೋಡುವವರು ಯಾರೂ ಇರಲಿಲ್ಲ.

ನಮ್ಮಲ್ಲಿ ಚೆಕ್ಕಿನ ತಳದಲ್ಲಿ ಯಂತ್ರ ಓದುವ ಎಂಐಸಿಆರ್ ಕೋಡ್ 9 ಅಂಕಿಯದು: ಮೊದಲ ಮೂರು ಊರು (ನಮ್ಮದು 580), ಮುಂದಿನ ಮೂರು ಬ್ಯಾಂಕು, ಕೊನೆಯ ಮೂರು ಶಾಖೆ. ಚೆಕ್ಕಿನ ಚಿತ್ರ ನೋಡಿ ಹಣ ಕೊಡುವ ಸಿಟಿಎಸ್ ವ್ಯವಸ್ಥೆ ಬಂದ ಮೇಲೆ ಕಾಗದ ಊರೂರು ತಿರುಗುವುದಿಲ್ಲ, ಅದರ ಚಿತ್ರ ಮಾತ್ರ ಹೋಗುತ್ತದೆ. 2025ರ ಅಕ್ಟೋಬರ್ 4ರಿಂದ ದಿನವಿಡೀ ಕ್ಲಿಯರಿಂಗ್ ನಡೆಯುತ್ತಿದೆ. ಹಾಗಾಗಿ ಆ ಯುಕ್ತಿ ಇಲ್ಲಿ ಸತ್ತಿದೆ. ಸಾಯದೆ ಉಳಿದದ್ದು ಮೊತ್ತ, ಹೆಸರು ತಿದ್ದುವ ವಿದ್ಯೆ. ಅದಕ್ಕೆ 2021ರ ಜನವರಿ 1ರಿಂದ 50,000 ರೂಪಾಯಿ ಮತ್ತು ಮೇಲಿನ ಚೆಕ್ಕಿಗೆ ಪಾಸಿಟಿವ್ ಪೇ ಇದೆ. ಚೆಕ್ ಸಂಖ್ಯೆ, ತಾರೀಖು, ಯಾರ ಹೆಸರಿಗೆ, ಎಷ್ಟು ಎಂಬುದನ್ನು ಮೊದಲೇ ಬ್ಯಾಂಕಿಗೆ ತಿಳಿಸಬೇಕು. ತಿಳಿಸದ ಚೆಕ್ಕಿಗೆ ಮುಂದೆ ಸಿಟಿಎಸ್‌ನ ತಕರಾರು ವ್ಯವಸ್ಥೆಯ ಆಸರೆ ಇರುವುದಿಲ್ಲ. ಅಮರಗೋಳದ ಎಪಿಎಂಸಿಯಲ್ಲಿ ವ್ಯಾಪಾರ ಮಾಡುವವರು ಇದನ್ನು ದಯವಿಟ್ಟು ಗಮನಿಸಬೇಕು.

ಇನ್ನೊಂದು ಪ್ರಸಂಗ ಎಲ್ಲರಿಗೂ ನೆನಪಿರುತ್ತದೆ. ಬ್ಯಾಂಕಿನ ಮೇಜಿನ ಮೇಲಿನ ಖಾಲಿ ಚಲನ್‌ಗಳಲ್ಲಿ ತನ್ನ ಖಾತೆ ಸಂಖ್ಯೆ ಅಚ್ಚು ಮಾಡಿಸಿ ಇಟ್ಟೆ, ಮಂದಿ ತುಂಬಿದ ಹಣ ನನ್ನ ಖಾತೆಗೆ ಬಂತು ಎನ್ನುತ್ತಾನೆ. ಅದು ನಡೆಯಿತೋ ಇಲ್ಲವೋ, ತರ್ಕ ಮಾತ್ರ ಇಂದಿಗೂ ಜೀವಂತವಾಗಿದೆ. ದುರ್ಗದ ಬೈಲಿನ ಯಾವುದೇ ಗಾಡಿಯ ಕ್ಯೂಆರ್ ಕೋಡಿನ ಮೇಲೆ ಇನ್ನೊಂದು ಸ್ಟಿಕ್ಕರ್ ಅಂಟಿಸಿದರೆ ಆಗುವುದು ಅದೇ. ಪಿನ್ ಒತ್ತುವ ಮೊದಲು ಪರದೆಯಲ್ಲಿ ಬರುವ ಹೆಸರನ್ನು ಗಿರಾಕಿ ಜೋರಾಗಿ ಓದಬೇಕು. ಅಂಗಡಿಯವರು ಸ್ಪೀಕರ್ ಸದ್ದಾಗುವ ತನಕ ಸಾಮಾನು ಕೊಡಬಾರದು. ಗಿರಾಕಿಯ ಮೊಬೈಲಿನಲ್ಲಿ ಕಾಣುವ ಹಸಿರು ಗುರುತು ಪುರಾವೆಯಲ್ಲ.

ಇಂಥ ಪುಸ್ತಕಗಳನ್ನು ಓದಿದ ಮೇಲೆ ನಮ್ಮವರು ಅಮೆರಿಕದ ಉಪದೇಶವನ್ನೇ ಹಂಚುತ್ತಾರೆ: ಕಾಗದ ಚೂರು ಮಾಡಿರಿ, ಸೋಶಿಯಲ್ ಸೆಕ್ಯುರಿಟಿ ಸಂಖ್ಯೆ ಮುಚ್ಚಿಡಿರಿ. ನಮ್ಮ ಬಾಗಿಲು ಬೇರೆ. ಇಲ್ಲಿ ಆಧಾರ್ ಸಂಖ್ಯೆ, ಬ್ಯಾಂಕಿನ ಹೆಸರು, ಬೆರಳಚ್ಚು ಈ ಮೂರಿದ್ದರೆ ಆಧಾರ್ ಆಧಾರಿತ ಪಾವತಿ ವ್ಯವಸ್ಥೆಯಾದ ಎಇಪಿಎಸ್‌ನಲ್ಲಿ ಹಣ ತೆಗೆಯಬಹುದು, ಒಟಿಪಿ ಬೇಡ. ನೋಂದಣಿ ಪತ್ರಗಳಲ್ಲಿನ ಹೆಬ್ಬೆಟ್ಟಿನ ಗುರುತಿನಿಂದ ನಕಲಿ ಬೆರಳು ಮಾಡಿದ ಪ್ರಕರಣಗಳು ನಮ್ಮ ರಾಜ್ಯದಲ್ಲೇ 2023ರಲ್ಲಿ ಬೆಳಕಿಗೆ ಬಂದವು. ಮೊಬೈಲ್ ಸಂಖ್ಯೆ ಆಧಾರಿಗೆ ಜೋಡಣೆಯಾಗಿದ್ದರೆ ಆಧಾರ್ ಜಾಲತಾಣದಲ್ಲಿ ಬಯೋಮೆಟ್ರಿಕ್ ಲಾಕ್ ಮಾಡಬಹುದು. ಲಾಕ್ ಮಾಡಿದ್ದು ಮರೆತು ರೇಷನ್ ಅಂಗಡಿಗೆ ಹೋದರೆ ಬೆರಳು ಒಪ್ಪುವುದಿಲ್ಲ, 330 ಎಂಬ ದೋಷ ಸಂಖ್ಯೆ ಬರುತ್ತದೆ. ಯಂತ್ರ ಕೆಟ್ಟಿದೆ ಎಂದು ಜಗಳ ಆಡಬೇಡಿರಿ, ತಾತ್ಕಾಲಿಕವಾಗಿ ತೆರೆದರೆ ಸಾಕು. ರೂಮು ಹಿಡಿಯುವಾಗ ಆಧಾರ್ ಝೆರಾಕ್ಸ್ ಕೊಡಲೇಬೇಕಾದರೆ ಅದರ ಮೇಲೆ ಅಡ್ಡಲಾಗಿ ಯಾರಿಗೆ, ಯಾತಕ್ಕೆ, ತಾರೀಖು ಬರೆದು ಸಹಿ ಹಾಕಿರಿ. ಒಪ್ಪುವಲ್ಲಿ ಕೊನೆಯ ನಾಲ್ಕೇ ಅಂಕಿ ಕಾಣುವ ಮಾಸ್ಕ್ಡ್ ಆಧಾರ್ ಕೊಡಿರಿ.

ಆತ್ಮಕಥೆಯಲ್ಲಿ ಇಲ್ಲದ ಅಧ್ಯಾಯವೊಂದಿದೆ, ನನಗೆ ಅದೇ ಮುಖ್ಯ. ಕಳ್ಳ 1974ರಲ್ಲಿ ಪೆರೋಲ್ ಮೇಲೆ ಹೊರಬಂದು ಸಲಹೆಗಾರನಾಗುತ್ತಾನೆ. ಹೆಸರು ಕಳಕೊಂಡವರು ಮಾತ್ರ ಕಾಗದ ಹಿಡಿದು ಅಲೆಯುತ್ತಲೇ ಇರುತ್ತಾರೆ. ನಿಮ್ಮ ಹೆಸರಿನಲ್ಲಿ ಯಾರೋ ಸಾಲ ತೆಗೆದರೆ ಮಾಡಬೇಕಾದ್ದು ಇದು. ಹಣ ಹೋಗಿದ್ದರೆ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿರಿ. ಕೈಯಲ್ಲಿ ಖಾತೆ ಸಂಖ್ಯೆ, ಮೊತ್ತ, ವೇಳೆ, ಯುಪಿಐ ಆಗಿದ್ದರೆ 12 ಅಂಕಿಯ ವ್ಯವಹಾರ ಸಂಖ್ಯೆ ಇರಲಿ. ದೂರಿನಲ್ಲಿ ಮಾಹಿತಿ ತಂತ್ರಜ್ಞಾನ (ಐಟಿ) ಕಾಯ್ದೆಯ 66ಸಿ ಮತ್ತು 66ಡಿ ಕಲಂ ನಮೂದಿಸಲು ಕೇಳಿರಿ. ಮೊದಲನೆಯದು ಗುರುತಿನ ಕಳವಿಗೆ, ಎರಡನೆಯದು ಸೋಗು ಹಾಕಿ ಮೋಸ ಮಾಡಿದ್ದಕ್ಕೆ, ಎರಡಕ್ಕೂ ಮೂರು ವರ್ಷದವರೆಗೆ ಶಿಕ್ಷೆ. ದೂರಸಂಪರ್ಕ ಇಲಾಖೆಯ ಜಾಲತಾಣ ಸಂಚಾರ್ ಸಾಥಿಯಲ್ಲಿ ನಿಮ್ಮ ಹೆಸರಿನ ಸಿಮ್‌ಗಳ ಪಟ್ಟಿ ತೆಗೆದು, ನಿಮ್ಮದಲ್ಲದ್ದಕ್ಕೆ ಗುರುತು ಹಾಕಿರಿ. ನಂತರ ಸಾಲದ ದಾಖಲೆ ಇಡುವ ಕಂಪನಿಗಳಾದ ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಕ್ರಿಫ್ ಹೈ ಮಾರ್ಕ್ ನಾಲ್ಕರಿಂದಲೂ ವರ್ಷಕ್ಕೊಮ್ಮೆ ಪುಕ್ಕಟೆ ಸಿಗುವ ವರದಿ ತರಿಸಿರಿ. ಬರೀ ಅಂಕ ನೋಡಿ ಮುಚ್ಚಬೇಡಿರಿ, ‘ಎನ್‌ಕ್ವೈರಿ’ ಭಾಗ ಓದಿರಿ. ನೀವು ಅರ್ಜಿಯೇ ಹಾಕದ ಕಂಪನಿಯ ಹೆಸರು ಸಾಲ ಮಂಜೂರಾಗುವ ಮೊದಲೇ ಅಲ್ಲಿ ಕಾಣಿಸುತ್ತದೆ. ವಿಳಾಸ, ಫೋನ್ ಸಂಖ್ಯೆಗಳಲ್ಲಿ ಪರಕೀಯವಾದದ್ದು ಇದೆಯೇ ನೋಡಿರಿ. ವರದಿಯ ತಪ್ಪಿನ ಬಗ್ಗೆ ಆ ಕಂಪನಿಗೆ ತಕರಾರು ಹಾಕಿದ ಮೇಲೆ 30 ದಿನದೊಳಗೆ ಬಗೆಹರಿಸಬೇಕು. ಮೀರಿದರೆ 2024ರ ಏಪ್ರಿಲ್ 26ರಿಂದ ಜಾರಿಯಲ್ಲಿರುವ ನಿಯಮದಂತೆ ದಿನಕ್ಕೆ 100 ರೂಪಾಯಿ ಪರಿಹಾರ ನಿಮಗೆ ಬರಬೇಕು. ತಕರಾರಿನ ಸಂಖ್ಯೆ, ಹಾಕಿದ ತಾರೀಖು ಬರೆದಿಟ್ಟುಕೊಂಡರೆ ಅದನ್ನು ಕೇಳಿ ಪಡೆಯಲು ಬರುತ್ತದೆ.