ಇಲ್ಲಗಳ ಅಂಗಡಿ

ಶಿರಸಿ ಪೇಟೆಯಲ್ಲಿ ಆರೋಗ್ಯಾಹಾರದ ಹೊಸ ಅಂಗಡಿಯೊಂದು ತೆರೆದಿದೆ. ಉಳಿದ ಅಂಗಡಿಗಳ ಹಲಗೆಯ ಮೇಲೆ ಏನೇನು ಇದೆಯೆಂದು ಬರೆದಿರುತ್ತದೆ. ಇಲ್ಲಿ ಏನೇನು ಇಲ್ಲವೆಂದು ಬರೆದಿದೆ. ಗ್ಲುಟೆನ್ ಇಲ್ಲ, ಹಾಲಿಲ್ಲ, ಸಕ್ಕರೆ ಇಲ್ಲ, ಕೊಲೆಸ್ಟರಾಲ್ ಇಲ್ಲ. ಒಂದೊಂದು ‘ಇಲ್ಲ’ಕ್ಕೂ ರೇಟು ಬೇರೆ. ಸಕ್ಕರೆ ಇಲ್ಲ, ಎಣ್ಣೆ ಇಲ್ಲ ಎಂದು ನಮ್ಮೂರಿನ ರೇಷನ್ ಅಂಗಡಿಯವನೂ ಎಷ್ಟೋ ಸಲ ಹೇಳಿದ್ದಾನೆ. ಪಾಪ, ಅದಕ್ಕೆ ದುಡ್ಡು ಕೇಳಬಹುದೆಂದು ಅವನಿಗೆ ಹೊಳೆಯಲೇ ಇಲ್ಲ.

ಮೊನ್ನೆ ಚಿಕ್ಕಮ್ಮನ ಜೊತೆ ಹೋಗಿದ್ದೆ. ಅವಳ ಮೊಮ್ಮಗಳಿಗೆ ಸೀಲಿಯಾಕ್ ಕಾಯಿಲೆ. ಗೋಧಿ, ಜವೆಗೋಧಿಯಲ್ಲಿರುವ ಗ್ಲುಟೆನ್ ಎಂಬ ಪ್ರೋಟೀನು ಚೂರೇ ಚೂರು ಹೊಟ್ಟೆಗೆ ಹೋದರೂ ಸಣ್ಣ ಕರುಳಿನ ಒಳಪದರ ಹಾಳಾಗುತ್ತದೆ. ಆ ಮಗುವಿಗೆ ಲೇಬಲ್ಲೆಂದರೆ ಶೋಕಿಯಲ್ಲ. ಕಿಲೋಗೆ 20 ಮಿಲಿಗ್ರಾಂಗಿಂತ ಹೆಚ್ಚು ಗ್ಲುಟೆನ್ ಇರುವ ಪದಾರ್ಥವನ್ನು ‘ಗ್ಲುಟೆನ್‌ಮುಕ್ತ’ ಎಂದು ಕರೆಯುವಂತಿಲ್ಲ ಎಂಬ ನಿಯಮವಿರುವುದು ಇಂಥವರಿಗಾಗಿಯೇ.

ಅಂಗಡಿಯ ಹುಡುಗ ಮೊದಲು ಗ್ಲುಟೆನ್‌ಮುಕ್ತ ಅಕ್ಕಿ ತೋರಿಸಿದ.

“ಅಕ್ಕಿಯೊಳಗೆ ಗೋಧಿ ಯಾಕೆ ಇರುತ್ತದೆ, ತಮಾ?” ಎಂದಳು ಚಿಕ್ಕಮ್ಮ. ಅವನು ನಕ್ಕು ಉಪ್ಪಿನ ಪೊಟ್ಟಣ ಮುಂದಿಟ್ಟ. ಸಾಣಿಕಟ್ಟಾದ ಗದ್ದೆಯ ಹರಳುಪ್ಪು. ಮೂಲೆಯಲ್ಲಿ ಸಸ್ಯಾಹಾರದ ಹಸಿರು ಚುಕ್ಕೆ. ಮೀನು ಮಿಂದ ನೀರೇ ಬಿಸಿಲಿಗೆ ಒಣಗಿ ಉಪ್ಪಾಗುವುದು. ಅಷ್ಟನ್ನೂ ಮಡಿ ಮಾಡುವ ಹೊಣೆ ಆ ಪುಟ್ಟ ಚುಕ್ಕೆಯದು!

ಆಮೇಲೆ ಬಂದದ್ದು ಹಾಲಿಲ್ಲದ ತುಪ್ಪ. ಬೆಲೆ ನೋಡಿ ನಾನು ಕನ್ನಡಕ ಒರೆಸಿಕೊಂಡೆ. ಚಿಕ್ಕಮ್ಮ ಮಾತ್ರ, “ಓಹೋ, ಉಪ್ಪಾಗೆ ತುಪ್ಪವೋ?” ಎಂದಳು. ಮಳೆಗಾಲದಲ್ಲಿ ಬೆಟ್ಟದಿಂದ ಉಪ್ಪಾಗೆ ಹಣ್ಣು ಆರಿಸಿ ತಂದು, ಬೀಜ ಒಣಗಿಸಿ ಕುಟ್ಟಿ ಕುದಿಸಿ, ತೇಲಿದ್ದನ್ನು ತೆಗೆದು ದೋಸೆಗೆ ಹಚ್ಚಿಕೊಂಡು ಬೆಳೆದವಳು ಅವಳು.

“ಅದು ಯಾವ ಬ್ರ್ಯಾಂಡ್, ಅಮ್ಮಾ?” ಎಂದು ಕೇಳಿದ ಹುಡುಗ.

ಅಷ್ಟರಲ್ಲಿ ಅವಳ ಕಣ್ಣು ಇಂಗಿನ ಡಬ್ಬಿಯ ಮೇಲೆ ಬಿತ್ತು. ಇಂಗು ತೆಂಗು ಇದ್ದರೆ ಮಂಗವೂ ಅಡುಗೆ ಮಾಡೀತು ಎನ್ನುತ್ತಾರೆ. ಇಂಗಿಲ್ಲದ ಅಪ್ಪೆಹುಳಿಯನ್ನು ನಮ್ಮ ಕಡೆ ಮಂಗವೂ ಮುಟ್ಟಲಿಕ್ಕಿಲ್ಲ. ಡಬ್ಬಿ ಕೂತದ್ದು ‘ಗ್ಲುಟೆನ್‌ಮುಕ್ತ’ ಎಂಬ ಹಲಗೆಯ ಕೆಳಗೇ, ಅದೇ ಅಕ್ಕಿಯ ಪಕ್ಕ.

“ಹಿಂದೆ ಬರೆದದ್ದನ್ನು ಓದು.”

ಡಬ್ಬಿಯನ್ನು ಬೆಳಕಿಗೆ ಹಿಡಿದೆ. ಇರುವೆ ಸಾಲಿನಂಥ ಅಕ್ಷರ: ಗೋಂದು, ಗೋಧಿ ಹಿಟ್ಟು, ಇಂಗು. ಅಂಗಡಿಗಳಲ್ಲಿ ಸಿಗುವ ಕೂಟಿಂಗು, ಅಂದರೆ ಬೆರಕೆ ಇಂಗು, ಬಹುಪಾಲು ಹೀಗೆಯೇ. ಅಪ್ಪಟ ಇಂಗಿನ ಘಾಟು ತಡೆಯಲಾಗದೆಂದು ಹಿಟ್ಟು ಬೆರೆಸುತ್ತಾರೆ. ಪಕ್ಕದ ಅಪ್ಪೆಮಿಡಿ ಉಪ್ಪಿನಕಾಯಿಯ ಬಾಟಲಿ ತಿರುಗಿಸಿದರೆ ಅಲ್ಲಿ ಬರಿದೇ ‘ಇಂಗು’ ಎಂದಿತ್ತು.

“ಗೋಧಿ ಇಲ್ಲದ ಅಕ್ಕಿಗೆ ಚೀಟಿ ಅಂಟಿಸಿದ್ದೀಯ, ಗೋಧಿ ಇರುವ ಇಂಗನ್ನು ಅದರ ಪಕ್ಕ ಕೂರಿಸಿದ್ದೀಯ. ಮಗು ತಿಂದರೆ ಏನು ಗತಿಯೋ?”

ಹುಡುಗ ಡಬ್ಬಿಯನ್ನು ಇಸಿದುಕೊಂಡು, ಸುತ್ತ ತಿರುಗಿಸಿ ನೋಡಿ, ಒಂದು ಕಡೆ ಬೆರಳಿಟ್ಟ. ಅವನ ಮುಖ ಅರಳಿತು.

“ಹೆದರಬೇಡಿ ಅಮ್ಮಾ, ಹಸಿರು ಚುಕ್ಕೆ ಇದೆ.”